ಬಿಸಿಲು ಹಿಡಿಯುವ ಉಪ್ಪು ಮಳೆಗೆ ನಿಂತೀತೇ?

ಮುಂಬಯಿಯಲ್ಲಿ ಸಂಸಾರ ಹೂಡಿದ ನಮ್ಮ ಗೃಹಿಣಿಯರಿಗೆ ಮಳೆಗಾಲದ ಉಪ್ಪಿನ ಭರಣಿಯ ಪಾಡನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಚ್ಚಳವನ್ನು ಎಷ್ಟು ಬಿಗಿಯಾಗಿ ಹಾಕಿದರೂ ಉಪ್ಪು ನೀರೊಡೆಯುತ್ತದೆ. ಬಿಸಿಲಿನಿಂದ ವಿದ್ಯುತ್ತು ಪಡೆಯುವ ಹೊಸ ವಸ್ತುವೊಂದರ ತೊಡಕೂ ಬಹುಮಟ್ಟಿಗೆ ಇದೇ.

ಅದರ ಹೆಸರು ಹ್ಯಾಲೈಡ್ ಪೆರೋವ್‌ಸ್ಕೈಟ್. 1839ರಲ್ಲಿ ರಷ್ಯಾದ ಉರಾಲ್ ಪರ್ವತಗಳಲ್ಲಿ ದೊರೆತ ಖನಿಜವೊಂದಕ್ಕೆ ಪೆರೋವ್‌ಸ್ಕಿ ಎಂಬುವರ ಹೆಸರನ್ನಿಟ್ಟರು. ಹರಳಿನ ರಚನೆ ಅದರಂತೆಯೇ ಇದ್ದು, ಸೀಸವೂ ಅಯೊಡೀನೂ ಸೇರಿದ ಉಪ್ಪು ಇದು. ಇದನ್ನು ದ್ರಾವಣ ಮಾಡಿ ಗಾಜಿನ ಮೇಲೆ ತೆಳ್ಳಗೆ ಬಳಿದು, ಸ್ವಲ್ಪ ಕಾಯಿಸಿದರಾಯಿತು. ಸಿಲಿಕಾನಿನಂತೆ 1400 ಡಿಗ್ರಿ ಮೀರಿದ ಕಾವಿನಲ್ಲಿ ಕರಗಿಸಬೇಕಾದ್ದಿಲ್ಲ. 2009ರಲ್ಲಿ ಜಪಾನಿನ ಮಿಯಾಸಾಕಾ ಅವರೂ ಸಂಗಡಿಗರೂ ಇದರಿಂದ ಸೌರಕೋಶ ಮಾಡಿದಾಗ, ಬಿದ್ದ ಬೆಳಕಿನಲ್ಲಿ ಶೇಕಡಾ 3.8 ಭಾಗ ಮಾತ್ರ ವಿದ್ಯುತ್ತಾಯಿತು. ಇಂದು ಪ್ರಯೋಗಶಾಲೆಯ ಚಿಕ್ಕ ಕೋಶಗಳಲ್ಲಿ ಅದು ಶೇಕಡಾ 26ನ್ನು ದಾಟಿದೆ.

ಹಾಗಾದರೆ ನಮ್ಮ ಮಾಳಿಗೆಗಳ ಮೇಲೆ ಇದೇಕೆ ಇನ್ನೂ ಬಂದಿಲ್ಲ? ಬಾಳಿಕೆ ಸಾಲದು. ತೇವ ತಗಲಿದರೆ ಹರಳು ಒಡೆದು, ಕಪ್ಪು ಪದರ ಹಳದಿಗೆ ತಿರುಗುತ್ತದೆ. ಉಳಿಯುವುದು ಬರಿಯ ಸೀಸದ ಅಯೊಡೈಡ್. ಕಾವು ಹೆಚ್ಚಿದರೆ ಹರಳಿನೊಳಗಿನ ಮಿಥೈಲ್ ಅಮೋನಿಯಂ ಎಂಬ ಭಾಗ ಆವಿಯಾಗಿ ಹೋಗುತ್ತದೆ. ಬೆಳಕಿನಲ್ಲಿಯೂ ಅಯೊಡೀನಿನ ಕಣಗಳು ಸ್ಥಳ ಬಿಟ್ಟು ಸರಿಯುತ್ತವೆ.

ವಿಜ್ಞಾನಿಗಳು ಇದಕ್ಕೆ ಮೂರು ಬಗೆಯ ಮದ್ದು ಹುಡುಕಿದ್ದಾರೆ. ಮಿಥೈಲ್ ಅಮೋನಿಯಂ ಬದಲು ಕಾವಿಗೆ ತಡೆಯುವ ಸೀಸಿಯಂ ಮೊದಲಾದವುಗಳನ್ನು ಸೇರಿಸುವುದು ಒಂದು. ಹರಳುಗಳ ಅಂಚಿನ ಬಿರುಕುಗಳಿಗೆ ಬೇರೆ ಅಣುಗಳಿಂದ ಲೇಪ ಕೊಡುವುದು ಎರಡನೆಯದು. ಎರಡು ಗಾಜುಗಳ ನಡುವೆ ಇಟ್ಟು ಅಂಚನ್ನು ಭದ್ರವಾಗಿ ಮುಚ್ಚುವುದು ಮೂರನೆಯದು. ಸೀಸವು ವಿಷವಾದ್ದರಿಂದ ಅದು ಮಳೆನೀರಿಗೆ ಸೇರದಂತೆಯೂ ಈ ಮುಚ್ಚಿಗೆ ಕಾಯಬೇಕು.

ನಮ್ಮ ನೆರೆಯ ಪೊವಾಯಿಯ ಐ.ಐ.ಟಿ.ಯಲ್ಲಿ 2010ರಲ್ಲಿ ಸೌರವಿದ್ಯುತ್ತಿನ ರಾಷ್ಟ್ರೀಯ ಸಂಶೋಧನ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿಯ ಪ್ರಾಧ್ಯಾಪಕ ದಿನೇಶ್ ಕಾಬ್ರಾ ಅವರ ತಂಡ ಸಿಲಿಕಾನಿನ ಮೇಲೆ ಅರೆಪಾರದರ್ಶಕ ಪೆರೋವ್‌ಸ್ಕೈಟ್ ಕೋಶವನ್ನಿಟ್ಟು ಜೋಡಿಕೋಶ ರಚಿಸಿದೆ. ಮೇಲಿನದು ನೀಲಿ, ಹಸಿರು ಬೆಳಕನ್ನು ಹಿಡಿದರೆ, ಅದನ್ನು ದಾಟಿ ಬಂದ ಕೆಂಪು ಕಿರಣಗಳು ಕೆಳಗಿನ ಸಿಲಿಕಾನಿನ ಪಾಲು. ಎರಡಕ್ಕೂ ಬೇರೆ ಬೇರೆ ತಂತಿಗಳಿರುವುದರಿಂದ ಒಂದರ ಬಲ ಕುಗ್ಗಿದರೂ ಇನ್ನೊಂದರ ಕೆಲಸ ನಿಲ್ಲುವುದಿಲ್ಲ.

ಸೌರಫಲಕಗಳಿಗೆ ಒಂದು ಕಠಿಣ ಪರೀಕ್ಷೆಯಿದೆ: 85 ಡಿಗ್ರಿ ಕಾವು, ಶೇಕಡಾ 85 ತೇವ, 1000 ಗಂಟೆಗಳ ಕಾಲ. ಅಂದರೆ ಸುಮಾರು 42 ದಿನ. ನಮ್ಮ ಮಳೆಗಾಲವಾದರೋ ನಾಲ್ಕು ತಿಂಗಳು, ಅದೂ ವರ್ಷ ವರ್ಷವೂ. ಸಿಲಿಕಾನಿನ ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷಗಳ ಭರವಸೆ ಕೊಡುತ್ತಾರೆ. ಹೊಸ ಉಪ್ಪು ಸರಿಗಟ್ಟಬೇಕಾದ್ದು ಈ ಲೆಕ್ಕವನ್ನು.

ಆದ್ದರಿಂದ ತಮ್ಮ ಸೊಸಾಯಿಟಿಯ ಸಭೆಯಲ್ಲಿ ಯಾರಾದರೂ "ಅಗ್ಗದ ಹೊಸ ಫಲಕ ಬರಲಿದೆಯಂತೆ, ಕಾಯೋಣ" ಎಂದರೆ ವಾಚಕರು ಅವಸರದಿಂದ ತಲೆದೂಗಬಾರದು. ಕಾಯುವಷ್ಟು ದಿನವೂ ಲೈಟ್ ಬಿಲ್ಲು ಬರುತ್ತಲೇ ಇರುತ್ತದೆ. ಇಂದು ಬೇಕಾದವರಿಗೆ ಸಿಲಿಕಾನೇ ಸರಿ. ಮುಂದೆ ಹೊಸದನ್ನು ಮಾರಲು ಬಂದವರನ್ನು ಮಾತ್ರ, ಶೇಕಡಾ ಎಷ್ಟು ಎಂಬುದಕ್ಕಿಂತ ಮೊದಲು, ಎಷ್ಟು ಮಳೆಗಾಲ ಕಂಡಿದೆಯೆಂದು ಕೇಳಿರಿ.