ಹಳೆಯ ಗಣಕಯಂತ್ರದಿಂದ ಹೊಸದಕ್ಕೆ: ಛಾಯಾಚಿತ್ರಗಳೊಡನೆ ಹೆಸರುಗಳೂ ಬರಲಿ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಹಳೆಯ ಪ್ರೊಸೆಸರ್‌ಗಳುಳ್ಳ ಅನೇಕ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ದೊರೆಯುವುದಿಲ್ಲ. ಹೀಗಾಗಿ ನಮ್ಮ ಹಲವು ಮನೆಗಳಲ್ಲಿ ಹಳೆಯ ಗಣಕಯಂತ್ರವನ್ನು ಬದಲಾಯಿಸುವ ಕಾಲ ಒದಗಿದೆ. ಆ ಯಂತ್ರಗಳೊಳಗೆ ಹತ್ತಿಪ್ಪತ್ತು ವರ್ಷಗಳ ನಮ್ಮ ಬದುಕಿದೆ: ಊರಿನ ಜಾತ್ರೆ, ಮಕ್ಕಳ ನಾಮಕರಣ, ಸೋದರಮಾವನ ಮನೆಯ ಗೃಹಪ್ರವೇಶ, ಸಂಘದ ರಾಜ್ಯೋತ್ಸವ. ಆ ಚಿತ್ರಗಳಲ್ಲಿರುವ ಹಿರಿಯರಲ್ಲಿ ಕೆಲವರು ಇಂದು ನಮ್ಮೊಡನಿಲ್ಲ.

ಚಿತ್ರಗಳನ್ನು ಪ್ರತಿ ಮಾಡುವುದು ಕಷ್ಟದ ಕೆಲಸವಲ್ಲ. ಆದರೆ ಚಿತ್ರವೇ ಬೇರೆ, ಚಿತ್ರದ ಬಗ್ಗೆ ನಾವು ಬರೆದಿಟ್ಟ ಮಾಹಿತಿಯೇ ಬೇರೆ. ಯಾರು, ಎಲ್ಲಿ, ಯಾವಾಗ ಎಂಬ ಮಾಹಿತಿಯು ಎಷ್ಟೋ ವೇಳೆ ಬೇರೊಂದು ಕಡತದಲ್ಲಿ ಕುಳಿತಿರುತ್ತದೆ. ಸಾಗಣೆಯ ವೇಳೆ ಚಿತ್ರಗಳು ಬರುತ್ತವೆ, ಹೆಸರುಗಳು ಹಿಂದೆಯೇ ಉಳಿಯುತ್ತವೆ. ಹೊರನಾಡಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹೆಸರಿಲ್ಲದ ಮುಖವು ಅಪರಿಚಿತರ ಮುಖವೇ ಸರಿ. ಆದ್ದರಿಂದ ಎರಡನ್ನೂ ಒಟ್ಟಿಗೆ ಸಾಗಿಸುವ ಬಗೆಯನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಮೊದಲು ಎಲ್ಲವನ್ನೂ ಹುಡುಕಬೇಕು

ಚಿತ್ರಗಳೆಲ್ಲ ‘ಪಿಕ್ಚರ್ಸ್’ ಫೋಲ್ಡರಿನಲ್ಲೇ ಇರುತ್ತವೆ ಎಂದು ನಂಬಬಾರದು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ‘ಡಿ’ ಡ್ರೈವ್, ಹಳೆಯ ಪೆನ್‌ಡ್ರೈವ್, ಕ್ಯಾಮೆರಾದ ಮೆಮರಿ ಕಾರ್ಡ್ ಇವೆಲ್ಲವನ್ನೂ ನೋಡಬೇಕು. ಮದುವೆಯ ಛಾಯಾಗ್ರಾಹಕರು ಕೊಟ್ಟ ಸಿ.ಡಿ., ಡಿ.ವಿ.ಡಿ.ಗಳನ್ನು ಹಳೆಯ ಯಂತ್ರ ಮನೆಯಲ್ಲಿರುವಾಗಲೇ ಅದರೊಳಗೆ ಇಳಿಸಿಕೊಳ್ಳುವುದು ಲೇಸು. ಇಂದಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿ.ವಿ.ಡಿ. ಹಾಕುವ ಜಾಗವೇ ಇರುವುದಿಲ್ಲ.

ಒನ್‌ಡ್ರೈವ್ ಬಳಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಮೋಡದ ಗುರುತಿರುವ ಕಡತವು ಪರದೆಯ ಮೇಲೆ ಕಾಣಿಸಿದರೂ ಯಂತ್ರದಲ್ಲಿ ಇರುವುದಿಲ್ಲ, ಅಂತರಜಾಲದಲ್ಲಿ ಮಾತ್ರ ಇರುತ್ತದೆ. ಪ್ರತಿ ಮಾಡುವ ಮೊದಲು ಅಂತಹ ಕಡತಗಳನ್ನು ಯಂತ್ರಕ್ಕೆ ಇಳಿಸಿಕೊಳ್ಳಬೇಕು.

ಗೂಗಲ್ ಫೋಟೋಸ್‌ನಲ್ಲಿ ಎಲ್ಲವೂ ಇದೆ ಎಂಬ ಭರವಸೆಯೂ ಪೂರ್ಣವಾದುದಲ್ಲ. 2015ರಿಂದ 2021ರ ಮೇ ಕೊನೆಯವರೆಗೆ ಅಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇರಿಸಿದ ಚಿತ್ರಗಳು ಗಾತ್ರ ತಗ್ಗಿಸಿದ ಪ್ರತಿಗಳಾಗಿರಬಹುದು. ಮೂಲಚಿತ್ರವು ಹಳೆಯ ಯಂತ್ರದಲ್ಲಿ ಮಾತ್ರ ಉಳಿದಿರಬಹುದು. ಅಲ್ಲದೆ ಎರಡು ವರ್ಷ ಬಳಕೆಯಿಲ್ಲದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ತೀರಿಕೊಂಡ ಹಿರಿಯರ ಖಾತೆಯಲ್ಲಿ ಚಿತ್ರಗಳಿದ್ದರೆ ಇದನ್ನು ಮರೆಯುವಂತಿಲ್ಲ.

ಚಿತ್ರದ ಒಳಗಿನ ಮಾಹಿತಿ, ಹೊರಗಿನ ಮಾಹಿತಿ

ಡಿಜಿಟಲ್ ಕ್ಯಾಮೆರಾ ಚಿತ್ರವೊಂದನ್ನು ತೆಗೆದಾಗ ದಿನಾಂಕ, ವೇಳೆ, ಕ್ಯಾಮೆರಾದ ಹೆಸರು ಮುಂತಾದುವನ್ನು ‘ಎಕ್ಸಿಫ್’ ಎಂಬ ಕ್ರಮದಲ್ಲಿ ಚಿತ್ರದ ಕಡತದೊಳಗೇ ಬರೆಯುತ್ತದೆ. ಕಡತವನ್ನು ಹಾಗೆಯೇ ಪ್ರತಿ ಮಾಡಿದರೆ ಇದು ಜತೆಗೇ ಹೋಗುತ್ತದೆ. ಆದರೆ ವಿಂಡೋಸ್ ತೋರಿಸುವ ‘ಡೇಟ್ ಕ್ರಿಯೇಟೆಡ್’ ಎಂಬುದು ಕಡತವು ಆ ಡಿಸ್ಕಿಗೆ ಬಂದ ದಿನ. ಪ್ರತಿ ಮಾಡಿದೊಡನೆ ಅದು ಬದಲಾಗುತ್ತದೆ. ಹೊಸ ಯಂತ್ರದಲ್ಲಿ 2006ರ ಚಿತ್ರಕ್ಕೆ ಇಂದಿನ ದಿನಾಂಕ ಕಂಡರೆ ಗಾಬರಿ ಬೇಡ. ‘ಡೇಟ್ ಟೇಕನ್’ ಎಂಬ ಅಂಕಣವನ್ನು ನೋಡಿದರೆ ನಿಜವಾದ ದಿನ ಸಿಗುತ್ತದೆ.

ವಾಟ್ಸಾಪ್ ಮೂಲಕ ಮಾಮೂಲಿನಂತೆ ಚಿತ್ರವಾಗಿ ಬಂದವುಗಳಲ್ಲಿ ಈ ಒಳಮಾಹಿತಿ ಉಳಿದಿರುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಅವುಗಳ ಕಡತದ ಹೆಸರಿನಲ್ಲಿರುವ ಎಂಟು ಅಂಕಿಗಳೇ ಕಾಲದ ಸುಳಿವು: 20180114 ಎಂದಿದ್ದರೆ 2018ರ ಜನವರಿ 14. ಆದ್ದರಿಂದ ಇಂತಹ ಕಡತಗಳ ಹೆಸರನ್ನು ಬದಲಿಸಬಾರದು. ಸ್ಕ್ಯಾನ್ ಮಾಡಿದ ಹಳೆಯ ಕಪ್ಪು ಬಿಳುಪು ಚಿತ್ರಗಳಲ್ಲಿ ದಿನಾಂಕವಿದ್ದರೂ ಅದು ಸಾಮಾನ್ಯವಾಗಿ ಸ್ಕ್ಯಾನ್ ಮಾಡಿದ ದಿನವೇ ಹೊರತು ಅಜ್ಜನ ಮದುವೆಯ ದಿನವಲ್ಲ.

ಪಿಕಾಸಾ ಬಳಸಿದವರಿಗೆ

ಗೂಗಲ್ ಸಂಸ್ಥೆಯ ಪಿಕಾಸಾ ತಂತ್ರಾಂಶವು ಒಂದು ಕಾಲದಲ್ಲಿ ಮನೆಮಾತಾಗಿತ್ತು. 2016ರಲ್ಲಿ ಅದನ್ನು ನಿಲ್ಲಿಸಲಾಯಿತಾದರೂ ಹಳೆಯ ಯಂತ್ರಗಳಲ್ಲಿ ಇಂದಿಗೂ ಅದು ತೆರೆಯುತ್ತದೆ. ಪಿಕಾಸಾದಲ್ಲಿ ನಾವು ಚಿತ್ರವನ್ನು ಕತ್ತರಿಸಿದಾಗ ಅಥವಾ ಬೆಳಕು ತಿದ್ದಿದಾಗ, ಉಳಿಸುವ ಗುಂಡಿಯನ್ನು ಒತ್ತುವವರೆಗೆ ಮೂಲಚಿತ್ರ ಬದಲಾಗುವುದಿಲ್ಲ. ತಿದ್ದುಪಡಿಯ ವಿವರವು ಅದೇ ಫೋಲ್ಡರಿನ ‘.ಪಿಕಾಸಾ.ಐಎನ್ಐ’ ಎಂಬ ಪುಟ್ಟ ಕಡತದಲ್ಲಿರುತ್ತದೆ. ಚಿತ್ರಗಳನ್ನಷ್ಟೇ ಆರಿಸಿ ಪ್ರತಿ ಮಾಡಿದರೆ ಇದು ಹಿಂದೆ ಉಳಿಯುತ್ತದೆ. ಆದ್ದರಿಂದ ಇಡೀ ಫೋಲ್ಡರನ್ನೇ ಸಾಗಿಸಬೇಕು.

ಮುಖಗಳಿಗೆ ಕೊಟ್ಟ ಹೆಸರುಗಳ ಮುಖ್ಯ ಪಟ್ಟಿಯು ಚಿತ್ರಗಳ ಫೋಲ್ಡರಿನಲ್ಲಿ ಇರುವುದಿಲ್ಲ. ಅದು ಬಳಕೆದಾರರ ಖಾತೆಯ ಮರೆಯಾದ ಭಾಗದಲ್ಲಿದೆ. ಪಿಕಾಸಾ 3.9ರ ‘ಟೂಲ್ಸ್’ ಪಟ್ಟಿಯಲ್ಲಿ ‘ಎಕ್ಸ್‌ಪೆರಿಮೆಂಟಲ್’ ಎಂಬ ವಿಭಾಗವಿದ್ದು, ಗುರುತಿಸಿದ ಹೆಸರುಗಳನ್ನು ಚಿತ್ರಗಳೊಳಗೇ ಬರೆಯುವ ಆಯ್ಕೆ ಅಲ್ಲಿದೆ. ಇದು ಕಡತಗಳನ್ನು ಮಾರ್ಪಡಿಸುವುದರಿಂದ, ಮೊದಲು ಒಂದು ಪ್ರತಿ ತೆಗೆದಿಟ್ಟು ಆಮೇಲೆ ಈ ಕೆಲಸಕ್ಕೆ ತೊಡಗಬೇಕು. ಹಳೆಯ ಯಂತ್ರ ಕೈಬಿಟ್ಟ ಬಳಿಕ ಈ ಅವಕಾಶ ಮತ್ತೆ ಸಿಗದು.

ನುಡಿ, ಬರಹದಲ್ಲಿ ಬರೆದ ಪಟ್ಟಿಗಳು

ಕನ್ನಡಿಗರಿಗೇ ಸಂಬಂಧಿಸಿದ ತೊಡಕೊಂದಿದೆ. 2000ದ ದಶಕದಲ್ಲಿ ನಮ್ಮಲ್ಲಿ ಹಲವರು ಚಿತ್ರಗಳ ವಿವರವನ್ನು, ವಂಶಾವಳಿಯನ್ನು ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿಟ್ಟರು. ಅವು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿದ ವ್ಯವಸ್ಥೆ. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಕಡತ ಕೆಟ್ಟಿದೆಯೆಂದು ಅದನ್ನು ಅಳಿಸಬಾರದು. ಹಳೆಯ ಯಂತ್ರದ ಫಾಂಟ್ ಕಡತಗಳನ್ನೂ ಜತೆಗೆ ಪ್ರತಿ ಮಾಡಿಕೊಂಡು, ಬರಹ ಮುಂತಾದ ತಂತ್ರಾಂಶಗಳಲ್ಲಿರುವ ಪರಿವರ್ತಕದಿಂದ ಆ ಬರವಣಿಗೆಯನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ಸಾಗಿಸುವ ಕ್ರಮ

ಯು.ಎಸ್.ಬಿ. ಹಾರ್ಡ್ ಡಿಸ್ಕ್ ಒಂದು ಸಾಕು. ಅದು ‘ಎಕ್ಸ್‌ಫ್ಯಾಟ್’ ಅಥವಾ ‘ಎನ್‌ಟಿಎಫ್‌ಎಸ್’ ವಿಧಾನದಲ್ಲಿರಲಿ. ಹಳೆಯ ‘ಫ್ಯಾಟ್32’ ವಿಧಾನದಲ್ಲಿ 4 ಜಿ.ಬಿ. ಗಾತ್ರದ ಕಡತ ಹಿಡಿಯದಾದ್ದರಿಂದ ಮದುವೆಯ ದೊಡ್ಡ ವಿಡಿಯೊ ಅರ್ಧಕ್ಕೇ ನಿಲ್ಲುತ್ತದೆ. ಹೊಸ ಯಂತ್ರ ಮ್ಯಾಕ್ ಆಗಿದ್ದರೆ ಎಕ್ಸ್‌ಫ್ಯಾಟ್ ಅನುಕೂಲ. ‘ಕಟ್’ ಮಾಡಕೂಡದು, ‘ಕಾಪಿ’ಯನ್ನೇ ಮಾಡಬೇಕು, ನಡುವೆ ವಿದ್ಯುತ್ ಹೋದರೂ ಮೂಲ ಉಳಿದಿರುತ್ತದೆ. ಹಳೆಯ ಯು.ಎಸ್.ಬಿ. 2.0 ಕಿಂಡಿಯ ಮೂಲಕ ಕ್ಷಣಕ್ಕೆ ಸುಮಾರು 30 ಎಂ.ಬಿ. ಸಾಗುವುದರಿಂದ 100 ಜಿ.ಬಿ.ಗೆ ಒಂದು ಗಂಟೆಯಾದರೂ ಬೇಕು. ಸಣ್ಣ ಕಡತಗಳು ಹೆಚ್ಚಿದ್ದರೆ ಇನ್ನೂ ಹೆಚ್ಚು. ಒಂದೇ ಚಿತ್ರದ ನಾಲ್ಕಾರು ಪ್ರತಿಗಳನ್ನು ತೆಗೆದುಹಾಕುವ ಶುಚಿಕಾರ್ಯವನ್ನು ಈಗಲೇ ಕೈಗೊಳ್ಳಬಾರದು. ಮೊದಲು ಎಲ್ಲವೂ ಸುರಕ್ಷಿತವಾಗಿ ಬರಲಿ, ವಿಂಗಡಣೆ ಆಮೇಲೆ.

ತಾಳೆ ನೋಡದೆ ಅಳಿಸಬಾರದು

ಎರಡೂ ಕಡೆಯ ಫೋಲ್ಡರಿನ ‘ಪ್ರಾಪರ್ಟೀಸ್’ ತೆರೆದು ಕಡತಗಳ ಸಂಖ್ಯೆ ಮತ್ತು ‘ಸೈಜ್’ ಒಂದೇ ಇದೆಯೇ ಎಂದು ನೋಡಬೇಕು. ‘ಸೈಜ್ ಆನ್ ಡಿಸ್ಕ್’ ಎಂಬುದು ಡಿಸ್ಕಿನಿಂದ ಡಿಸ್ಕಿಗೆ ಬದಲಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಸಂಖ್ಯೆ ಸರಿಯಿದ್ದರೂ ಪ್ರತಿ ವರ್ಷದ ಕೆಲವು ಚಿತ್ರಗಳನ್ನು ತೆರೆದು ನೋಡಬೇಕು. ವಿಡಿಯೊಗಳನ್ನು ಕೊನೆಯವರೆಗೆ ಓಡಿಸಿ ನೋಡಬೇಕು.

ಆ ಬಳಿಕವೂ ಒಂದೆರಡು ತಿಂಗಳು ಹಳೆಯ ಯಂತ್ರವನ್ನು ಹಾಗೆಯೇ ಇರಿಸಿಕೊಳ್ಳುವುದು ವಿವೇಕ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಒಂದು ಪ್ರತಿ ಮನೆಯ ಹೊರಗೆ ಎಂಬುದು ಈ ಕ್ಷೇತ್ರದ ತಿಳಿದವರ ಸೂತ್ರ. ಊರಿನಲ್ಲಿರುವ ತಮ್ಮನ ಮನೆಯಲ್ಲೋ ತಂಗಿಯ ಮನೆಯಲ್ಲೋ ಒಂದು ಡಿಸ್ಕ್ ಇರಿಸಿದರೆ ಮೂರನೆಯ ನಿಯಮ ತಾನಾಗಿ ಈಡೇರುತ್ತದೆ, ಎರಡು ಮನೆಗಳಿಗೂ ಚಿತ್ರ ಸಿಗುತ್ತವೆ. ಹಳೆಯ ಯಂತ್ರವನ್ನು ಯಾರಿಗಾದರೂ ಕೊಡುವಾಗ ‘ಡಿಲೀಟ್’ ಒತ್ತಿದರೆ ಸಾಲದು. ವಿಂಡೋಸ್‌ನ ‘ರೀಸೆಟ್’ ವ್ಯವಸ್ಥೆಯಲ್ಲಿ ಡ್ರೈವ್ ಪೂರ್ತಿ ಶುಚಿಗೊಳಿಸುವ ಆಯ್ಕೆಯನ್ನೇ ಬಳಸಬೇಕು.

ಯಾವ ಯಂತ್ರವೂ ಮಾಡಲಾರದ ಕೆಲಸವೊಂದು ಉಳಿದಿದೆ. ದೊಡ್ಡಮ್ಮನ ಪಕ್ಕದಲ್ಲಿ ನಿಂತಿರುವವರು ಯಾರು, ಆ ಅಂಗಳ ಯಾವ ಮನೆಯದು ಎಂಬುದನ್ನು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ವರ್ಷಕ್ಕೊಂದು ಫೋಲ್ಡರ್ ಮಾಡಿ, ಅದರ ಹೆಸರಿನಲ್ಲಿ ವರ್ಷ, ಊರು, ಸಂದರ್ಭವನ್ನು ಸೇರಿಸಿ, ಒಳಗೆ ಯೂನಿಕೋಡ್ ಕನ್ನಡದ ಸರಳ ಪಠ್ಯ ಕಡತವೊಂದರಲ್ಲಿ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆದಿಟ್ಟರೆ ಸಾಕು. ಯಾವ ತಂತ್ರಾಂಶ ಬಂದು ಹೋದರೂ ಆ ಕಡತವನ್ನು ಮುಂದೆಯೂ ಓದಬಹುದು. ಮುಂದಿನ ದೀಪಾವಳಿಯ ರಜೆಗೆ ಊರಿಗೆ ತೆರಳುವವರು ಲ್ಯಾಪ್‌ಟಾಪನ್ನೂ ಜತೆಗೊಯ್ಯಲಿ ಎಂಬುದು ನಮ್ಮ ವಿನಂತಿ.