ತೋಟ ಹಾಕಿ ಎಂದ ಪ್ರವಾದಿ

ಯೆರೆಮೀಯನ ಗ್ರಂಥದ 29ನೇ ಅಧ್ಯಾಯದ 11ನೇ ವಚನ ಅನೇಕ ಕ್ರೈಸ್ತ ಮನೆಗಳ ಗೋಡೆಯ ಮೇಲಿದೆ. ದೇವರು ನಮಗಾಗಿ ಒಳ್ಳೆಯದನ್ನೇ ಯೋಚಿಸಿದ್ದಾನೆ ಎಂಬ ಆ ಮಾತನ್ನು ಮಕ್ಕಳ ಪರೀಕ್ಷೆಗೆ, ವೀಸಾ ಅರ್ಜಿಗೆ, ಹೊಸ ಕೆಲಸಕ್ಕೆ ನೆನೆದುಕೊಳ್ಳುತ್ತೇವೆ. ತಪ್ಪೇನಿಲ್ಲ. ಆದರೆ ಹಿಂದಿನ ಹತ್ತು ವಚನಗಳನ್ನೂ ಓದಿದರೆ, ಇದು ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿದ್ದವರಿಗೆ ಬರೆದ ಕಾಗದ ಎಂದು ತಿಳಿಯುತ್ತದೆ. ಸಂಶೋಧನೆಯಲ್ಲಿ ಒಂದೇ ಅಂಕಿಯನ್ನು ಕೋಷ್ಟಕದಿಂದ ಕಿತ್ತು ತೋರಿಸಿದರೆ ಯಾರೂ ಒಪ್ಪುವುದಿಲ್ಲ. ವಚನಕ್ಕೂ ಅದೇ ನ್ಯಾಯ ಸಲ್ಲಬೇಕು.

ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದು, ಅಲ್ಲಿನ ಅರಸನನ್ನೂ ಅಧಿಕಾರಿಗಳನ್ನೂ ಕುಶಲಕರ್ಮಿಗಳನ್ನೂ ಸೆರೆ ಒಯ್ದ. ಅವರು ನಮ್ಮ ಹಾಗೆ ಇಷ್ಟಪಟ್ಟು ವಿಮಾನ ಹತ್ತಿದವರಲ್ಲ, ಅದನ್ನು ಮರೆಯಬಾರದು. ಆದರೂ ಅವರ ಪ್ರಶ್ನೆ ನಮಗೆ ಗೊತ್ತಿರುವುದೇ: ಊರಿಗೆ ಹೋಗುವುದು ಯಾವಾಗ? ಯೆರೂಸಲೇಮಿನಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷ ಎಂದ; ಯೆರೆಮೀಯನ ಕುತ್ತಿಗೆಯ ಮೇಲಿದ್ದ ಮರದ ನೊಗವನ್ನು ಜನರೆದುರೇ ಮುರಿದುಹಾಕಿದ. ಯೆರೆಮೀಯನ ಕಾಗದದಲ್ಲಿದ್ದದ್ದು ಎಪ್ಪತ್ತು ವರ್ಷ. ಅಂದರೆ ಓದಿದವರಲ್ಲಿ ಹೆಚ್ಚಿನವರು ಹಿಂತಿರುಗುವುದಿಲ್ಲ. 11ನೇ ವಚನ ಬಂದದ್ದು ಅಂಥವರಿಗೆ.

ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕೆ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ ಎನ್ನುತ್ತದೆ ಕಾಗದ. ತಮ್ಮ ದೇವಾಲಯದ ಪಾತ್ರೆಗಳನ್ನು ಹೊತ್ತೊಯ್ದವರ ಪಟ್ಟಣ ಅದು! ಸೆರೆಯಲ್ಲಿದ್ದ ಶೆಮಾಯನಿಗಂತೂ ಸಹಿಸಲಾಗಲಿಲ್ಲ. ಈ ಹುಚ್ಚನನ್ನು ಏಕೆ ಸುಮ್ಮನೆ ಬಿಟ್ಟಿದ್ದೀರಿ ಎಂದು ಯೆರೂಸಲೇಮಿನ ಯಾಜಕನಿಗೆ ದೂರು ಬರೆದ.

ಆ ಜನ ನಿಜಕ್ಕೂ ನೆಲೆ ನಿಂತರೇ? ಅದಕ್ಕೆ ಮಣ್ಣಿನ ಸಾಕ್ಷಿ ಇದೆ. ಎಲ್ಲಿ ಅಗೆದದ್ದೆಂಬ ದಾಖಲೆಯಿಲ್ಲದೆ ಹಳೆಯ ವಸ್ತುಗಳ ಮಾರುಕಟ್ಟೆಗೆ ಬಂದ (ವಿಜ್ಞಾನಿಗೆ ಇದು ಬೇಸರದ ಸಂಗತಿ) ನೂರರಷ್ಟು ಮಣ್ಣಿನ ಫಲಕಗಳ ಓದು 2014ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಬಾಬೆಲಿನ ಸೀಮೆಯ ಒಂದು ಊರಿನ ಹೆಸರು ಆಲ್-ಯಾಹುದು, ಅಂದರೆ ಯೆಹೂದದ ಊರು. ಹೊಲ, ತೆರಿಗೆ, ಸಾಲ, ಬಾರ್ಲಿ, ಖರ್ಜೂರ, ಇಂಥದೇ ಲೆಕ್ಕ; ಭಕ್ತಿಯ ಮಾತಿಲ್ಲ. ಆದರೆ ತಲೆಮಾರುಗಳು ಕಳೆದರೂ ಜನರ ಹೆಸರುಗಳಲ್ಲಿ ಯೆಹೋವನ ಹೆಸರಿನ ತುಣುಕು ಉಳಿದಿದೆ. ಒಂದು ಫಲಕದ ಮೇಲಂತೂ ಬಾಬೆಲಿನ ಲಿಪಿಯ ಜೊತೆಗೆ ಶೆಲೆಮ್ಯ ಎಂಬ ಹೆಸರು ಹಳೆಯ ಹೀಬ್ರೂ ಅಕ್ಷರಗಳಲ್ಲಿದೆ. ಆ ಅಕ್ಷರ ಯಾರೋ ಅಲ್ಲಿ ಕಲಿಸಿದ್ದರಿಂದಲೇ ಉಳಿದಿರಬೇಕು. ತೋಟ ಹಾಕಿದವರು ಅಕ್ಷರ ಮರೆಯಬೇಕಾಗಿರಲಿಲ್ಲ.

“ಇನ್ನೆರಡು ವರ್ಷ, ಆಮೇಲೆ ಊರಿಗೆ” ಎಂಬ ಮಾತು ನಮ್ಮ ಮನೆಗಳಲ್ಲಿ ಹತ್ತು ವರ್ಷವೂ ನಡೆಯುತ್ತದೆ. ಹೋಗುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗೆ ಚಿಂತೆಯಾಗುವುದು ಇದನ್ನು ಕೇಳುತ್ತ ಬೆಳೆಯುವ ಮಗುವಿನದು. ಅದು ಹುಟ್ಟಿದ ಬೀದಿಯನ್ನೇ ನಾವು ಬಸ್ ನಿಲ್ದಾಣದಂತೆ ನೋಡುತ್ತೇವೆ. ನಮ್ಮ ಕುಟುಂಬ ಪ್ರಾರ್ಥನೆಯಲ್ಲಿ ಮಂಗಳೂರಿನ ಅಜ್ಜಿ, ಹುಬ್ಬಳ್ಳಿಯ ಚಿಕ್ಕಪ್ಪ ಬರುತ್ತಾರೆ, ಬರಲೇಬೇಕು. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಮುದುಕರು ಬರುವುದಿಲ್ಲ.

ಈ ವಾರ ಅವರನ್ನೂ ಸೇರಿಸಿ ನೋಡಿ. ಶಾಲೆಯ ಟೀಚರ್, ಕಸ ಒಯ್ಯುವವರು, ಬಸ್ ಓಡಿಸುವವರು, ಎಲ್ಲರನ್ನೂ ಹೆಸರು ಹಿಡಿದು, ಕನ್ನಡದಲ್ಲೇ. ಬಸ್ ಓಡಿಸುವವರ ಹೆಸರು ಗೊತ್ತಿಲ್ಲದಿದ್ದರೆ ಮಗು ಮರುದಿನ ತಾನೇ ಕೇಳಿಕೊಂಡು ಬರುತ್ತದೆ.