ಕಬ್ಬಿನ ಬಿಲ್ಲು, ಮಗ್ಗದ ಬಟವಾಡೆ, ಮನೆಯ ರೊಟ್ಟಿ

ಮನೆಗೆ ಎಷ್ಟು ಹಣ ಬರುತ್ತದೆಂದು ಎಲ್ಲರೂ ಲೆಕ್ಕ ಹಾಕುತ್ತೇವೆ. ಯಾವಾಗ ಬರುತ್ತದೆ, ಯಾರ ಕೈಗೆ ಬರುತ್ತದೆ ಎಂಬುದನ್ನು ಮರೆಯುತ್ತೇವೆ. ಮನೆಯವರ ಊಟ ನಿಂತಿರುವುದು ಈ ಲೆಕ್ಕದ ಮೇಲೂ ಹೌದು.

ಮೊದಲು ಕಬ್ಬನ್ನು ನೋಡೋಣ. ಜುಲೈ–ಆಗಸ್ಟಿನಲ್ಲಿ ನೆಟ್ಟ ಆಡಸಾಲಿ ಕಬ್ಬು ಕಡಿತಕ್ಕೆ ಬರಲು 16ರಿಂದ 18 ತಿಂಗಳು ಬೇಕು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಮುಟ್ಟಿದ 14 ದಿನಗಳೊಳಗೆ ಕಾರಖಾನೆ ಹಣ ಕೊಡಬೇಕು. ಬಿಲ್ಲು ದೊಡ್ಡದು ನಿಜ. ಆದರೆ ಸೊಸೈಟಿಯ ಸಾಲ, ಗೊಬ್ಬರದ ಬಾಕಿ, ಮದುವೆಯ ಖರ್ಚು ಅದಕ್ಕಾಗಿಯೇ ಕಾದಿರುತ್ತವೆ. ಉಳಿದ ತಿಂಗಳುಗಳಲ್ಲಿ ಕಿರಾಣಿ ಅಂಗಡಿಯ ಉದ್ರಿಯೇ ಗತಿ. ಜೋಳದ ಹೊಲಕ್ಕೂ ಕಬ್ಬು ಹಚ್ಚಿದರೆ ರೊಟ್ಟಿಯ ಹಿಟ್ಟನ್ನೂ ಕೊಂಡು ತರಬೇಕಾಗುತ್ತದೆ.

ಇಚಲಕರಂಜಿಯ ಯಂತ್ರಮಗ್ಗದಲ್ಲಿ ದುಡಿಯುವವರಿಗೆ ವಾರದ ಬಟವಾಡೆ. ಸಂತೆಯೂ ವಾರಕ್ಕೊಮ್ಮೆ, ಕಾಯಿಪಲ್ಲೆ, ಬೇಳೆ, ಎಣ್ಣೆ ತಪ್ಪದೆ ಮನೆಗೆ ಬರುತ್ತವೆ. ಆದರೆ ಮಗ್ಗ ನಿಂತರೆ ಕೂಲಿಯೂ ನಿಲ್ಲುತ್ತದೆ. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಇದನ್ನು ಕಂಡೆವು. 2019ರ ಆಗಸ್ಟಿನ ಮಹಾಪೂರದಲ್ಲಿ ನದಿ ದಂಡೆಯ ಕಬ್ಬೂ ನೀರಿನಲ್ಲಿ ನಿಂತಿತ್ತು. ಒಂದೇ ಆದಾಯವನ್ನು ನಂಬಿದ ಮನೆಗೆ ಇಂಥ ಹೊತ್ತಿನಲ್ಲಿ ಬೇರೆ ಆಸರೆ ಇರುವುದಿಲ್ಲ.

ಹಾಲಿನ ಹಣ ಚಿಕ್ಕದಾದರೂ ಹತ್ತು ದಿನಕ್ಕೊಮ್ಮೆ ಬರುತ್ತದೆ. ಕೊಲ್ಹಾಪುರದ ‘ಗೋಕುಳ’ ಹಾಲು ಸಂಘ 1963ರಿಂದ ಊರೂರಿನ ಹಾಲು ಕೊಳ್ಳುತ್ತಿದೆ. ಎಮ್ಮೆಯ ಸಗಣಿ, ಮೇವು, ಹಾಲು ಕರೆಯುವುದು ಬಹುಪಾಲು ತಾಯಂದಿರ ಕೆಲಸ. ಆ ಬಿಲ್ಲು ಅವರ ಖಾತೆಗೇ ಬಂದರೆ ಮಕ್ಕಳ ತಾಟಿಗೆ ಬೇಗ ತಲುಪುತ್ತದೆ. ಒಂದು ಎಚ್ಚರಿಕೆ: ಇದ್ದ ಹಾಲನ್ನೆಲ್ಲ ಡೇರಿಗೆ ಹಾಕಿ ಮಕ್ಕಳಿಗೆ ಕರಿ ಚಹಾ ಕೊಡಬೇಡಿ.

ದೂರದ ಗ್ವಾಟೆಮಾಲಾದ ಮಾಯಾ ರೈತರು ಮೆಕ್ಕೆಜೋಳ, ಅವರೆಯ ಜಾತಿಯ ಕಾಳು, ಕುಂಬಳವನ್ನು ಒಂದೇ ಹೊಲದಲ್ಲಿ ಬೆಳೆಯುತ್ತಾರೆ. ನಮ್ಮ ಹಿರಿಯರ ಅಕ್ಕಡಿ ಸಾಲೂ ಇದೇ ತಾನೆ? ಗಡಹಿಂಗ್ಲಜ ಕಡೆಯ ಮಳೆಯಾಶ್ರಿತ ಹೊಲದ ಜೋಳ, ಶೇಂಗಾ ಹಣ ಕಡಿಮೆ ತಂದರೂ ಮನೆಯ ಊಟಕ್ಕೆ ಆಗುತ್ತವೆ. ಕಬ್ಬು ಬೆಳೆಯುವವರು ನಾಲ್ಕು ಗುಂಟೆಯನ್ನಾದರೂ ಜೋಳ, ಕಾಳು, ಕಾಯಿಪಲ್ಲೆಗೆ ಬಿಡಬಹುದು.

ಇನ್ನು ಪಡಿತರ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಿಗಬೇಕು. ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ ಯೋಜನೆಯಿಂದ, ಗಡಿಯಾಚೆಯಿಂದ ಮಗ್ಗದ ಕೆಲಸಕ್ಕೆ ಬಂದವರು ಕರ್ನಾಟಕದ ಇಂಥ ಚೀಟಿಯ ಮೇಲೆಯೇ ಇಲ್ಲಿ ಧಾನ್ಯ ಪಡೆಯಬಹುದು. ಚೀಟಿಗೆ ಆಧಾರ್ ಜೋಡಣೆಯಾಗಿದೆಯೇ ಎಂದು ನೋಡಿಕೊಳ್ಳಿ.

ಈ ಸಲ ಬಿಲ್ಲು ಬಂದಾಗ, ಬೇರೆ ಖರ್ಚಿಗೆ ಕೈ ಹಾಕುವ ಮೊದಲು ವರ್ಷದ ಜೋಳ ತೆಗೆದಿಡಿ.